ಸುಣ್ಣದ ಮುಯ್ಯಿ

ಹಬ್ಬ ಅಂದ್ರೆ ನಮ್ಮ ಬಳ್ಳಾರಿ ಕಡೆ ಮೊದಲು ಮನೆಗೆ ಬರೋದು ದೇವರಲ್ಲ, ಸುಣ್ಣ. ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಪಾತ್ರೆ ಪಡಗ ಎಲ್ಲ ಅಂಗಳಕ್ಕೆ ಬೀಳುತ್ತವೆ. ಸೋರುವ ಮೂಲೆ, ಬಿರುಕು ಬಿಟ್ಟ ಗೋಡೆ, ಅಲುಗಾಡುವ ಬಾಗಿಲ ಚಿಲಕ, ವರ್ಷಪೂರ್ತಿ 'ನೋಡೋಣ ತಡಿ' ಅಂತ ಮುಂದಕ್ಕೆ ತಳ್ಳಿದ ಎಲ್ಲದಕ್ಕೂ ಒಂದು ಗಡುವು ಸಿಗುತ್ತೆ. ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಹಬ್ಬ ಅನ್ನೋದು ಡೆಡ್‌ಲೈನ್, ದೇವರು ಕ್ಲೈಂಟ್. ಕ್ಲೈಂಟ್ ಬರುವ ಹಿಂದಿನ ರಾತ್ರಿವರೆಗೂ ಕೆಲಸ ಮುಗಿದಿರೋದಿಲ್ಲ, ಹಾಗಾಗಿ ಹೋಲಿಕೆ ಸರಿಯಾಗೇ ಇದೆ.

ಇದನ್ನ ತಮಾಷೆಗೆ ಹೇಳ್ತಾ ಇದ್ದೆ. ಆಮೇಲೆ ಗೊತ್ತಾಯ್ತು, ಇದರ ಮೇಲೆ ಸಂಶೋಧನೆ ಮಾಡಿದವರೂ ಇದ್ದಾರೆ ಅಂತ. ನಿಕೋಲ್ ಬೊಯ್ವಿನ್ ಅನ್ನೋ ಪುರಾತತ್ವಜ್ಞೆ ರಾಜಸ್ಥಾನದ ಉದಯಪುರ ಕಡೆಯ ಬಾಲಾಥಲ್ ಹಳ್ಳಿಯಲ್ಲಿ ಜನ ಮನೆಯ ನೆಲವನ್ನ ಯಾವಾಗ, ಯಾವ ಮಣ್ಣಿಂದ, ಯಾಕೆ ಸಾರಿಸ್ತಾರೆ ಅಂತ ಕೂತು ನೋಡಿದರು. ನೆಲದ ಒಂದು ತುಂಡನ್ನ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪದರದ ಮೇಲೆ ಪದರ ಕಾಣುತ್ತೆ. ಆ ಪದರಗಳ ಹಿಂದೆ ದೀಪಾವಳಿ ಇದೆ, ಮನೆಯಲ್ಲಾದ ಮದುವೆ ಇದೆ. ಟರ್ಕಿಯ ಚಾತಲ್ ಹೊಯುಕ್‌ನ ಹೊಸ ಶಿಲಾಯುಗದ ಮನೆಗಳ ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ಪದರ ಸಿಕ್ಕಿವೆ. ಅವನ್ನೂ ಹೀಗೆ ಓದಬಹುದಾ ಅನ್ನೋದು 2000ರಲ್ಲಿ ಬಂದ ಅವರ ಲೇಖನದ ಪ್ರಶ್ನೆ. ಅಂದ್ರೆ ಸಾರಣೆ ಅನ್ನೋದು ಒಂದು ಥರದ ಕ್ಯಾಲೆಂಡರ್. ಹಬ್ಬಗಳು ಗೋಡೆಯೊಳಗೆ ಉಳಿದುಕೊಂಡಿರ್ತವೆ.

ಇದೇ ಬೊಯ್ವಿನ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರ ಜೊತೆ ಆಮೇಲೆ ಕೆಲಸ ಮಾಡಿದ್ದು ನಮ್ಮೂರಲ್ಲಿ. ಸಂಗನಕಲ್ಲಲ್ಲಿ. ಬಳ್ಳಾರಿ ನಗರಕ್ಕೆ ಹೆಚ್ಚೂ ಕಮ್ಮಿ ಅಂಟಿಕೊಂಡಿರೋ ಊರು. ಹೆಸರು ಕೇಳಿದ ಬೆಂಗಳೂರಿನ ಗೆಳೆಯರಿಗೆ 'ಗಣಿ ಕಡೆನಾ?' ಅಂತ ಕೇಳೋದಷ್ಟೇ ಗೊತ್ತು. ಗಣಿ ಸಂಡೂರು ಕಡೆ ಮಾರಾಯ್ರೆ, ನಮ್ಮದು ಗುಡ್ಡ. ಸಣ್ಣರಾಚಮ್ಮ ಗುಡ್ಡ, ಹಿರೇಗುಡ್ಡ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಜನ ದನ ಸಾಕಿಕೊಂಡು, ಹುರುಳಿ, ಹೆಸರು, ಕೊರಲೆ ತಿಂದುಕೊಂಡು, ಕರಿಗಲ್ಲಿನ ಕೊಡಲಿ ಮಾಡಿಕೊಂಡು ಇದ್ದರು. ಮಾಡಿಕೊಂಡು ಅಂದ್ರೆ ಒಂದೆರಡಲ್ಲ, ಹಿರೇಗುಡ್ಡ ಒಂದು ಕಾರ್ಖಾನೆನೇ ಆಗಿತ್ತು. ಅವರ ಮನೆಗಳು ದುಂಡಗೆ. ಬುಡಕ್ಕೆ ಕಲ್ಲು, ಮೇಲೆ ತಡಿಕೆ, ತಡಿಕೆಗೆ ಮಣ್ಣಿನ ಮೆತ್ತಿಗೆ. ಮೆತ್ತಿಗೆ ಉದುರಿದಾಗ ಮತ್ತೆ ಮೆತ್ತಬೇಕಲ್ಲ, ಅದಕ್ಕೆ ಅವರಿಗೂ ಯಾವುದೋ ಗಡುವು ಇದ್ದಿರಬೇಕು.

ಗುಡ್ಡದ ಮೇಲೆ ಮತ್ತು ಪಕ್ಕದ ಕಪ್ಪಗಲ್ಲು ಕಡೆ ಬೂದಿಯ ದಿಬ್ಬಗಳಿವೆ. ಕುಡುತಿನಿಯಲ್ಲೂ ಇದೆ. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನ ಜನ ವಾಲಿಯ ಚಿತೆಯ ಬೂದಿ ಅಂತಾರೆ. ನಿಜಕ್ಕೂ ಅದು ಸುಟ್ಟ ಸಗಣಿ. ದನದ ದೊಡ್ಡಿಯಲ್ಲಿ ವರ್ಷಗಟ್ಟಲೆ ಬಿದ್ದ ಸಗಣಿಯನ್ನ ಒಟ್ಟುಗೂಡಿಸಿ ಸುಟ್ಟಿದ್ದು, ಒಂದು ಸಲ ಅಲ್ಲ, ಮತ್ತೆ ಮತ್ತೆ. ಯಾಕೆ ಸುಟ್ಟರು ಅನ್ನೋದಕ್ಕೆ ಪುರಾತತ್ವದವರಲ್ಲಿ ಜಗಳ ಇನ್ನೂ ಮುಗಿದಿಲ್ಲ. 1963ರಲ್ಲಿ ಈ ದಿಬ್ಬಗಳ ಬಗ್ಗೆ ಪುಸ್ತಕ ಬರೆದ ರೇಮಂಡ್ ಆಲ್ಚಿನ್ ಅದು ಋತುಮಾನದ ಹಬ್ಬದ ಬೆಂಕಿ ಇರಬಹುದು ಅಂದರು. ಹೋಳಿ, ಸಂಕ್ರಾಂತಿಯ ಬೆಂಕಿಗಳನ್ನ ಅದರ ಪಕ್ಕ ಇಟ್ಟು ನೋಡಿದರು. ನನಗೆ ಆ ಊಹೆ ಇಷ್ಟ, ಅದರಲ್ಲಿ ಹಬ್ಬ ಮತ್ತು ಕಸ ಗುಡಿಸೋದು ಒಂದೇ ಕೆಲಸ ಆಗಿಬಿಡುತ್ತೆ. ಹಿರೇಗುಡ್ಡದ ಕೆಲವು ಕರಿಬಂಡೆಗಳನ್ನ ಕಲ್ಲಿನಿಂದ ಕುಟ್ಟಿದರೆ ಗಂಟೆಯ ಹಾಗೆ ಮೊಳಗುತ್ತವೆ. ಕುಟ್ಟಿ ಕುಟ್ಟಿ ಬಿದ್ದ ಗುಳಿಗಳೂ ಇವೆ. 1892ರಲ್ಲೇ ಫಾಸೆಟ್ ಅನ್ನೋ ಬ್ರಿಟಿಷ್ ಅಧಿಕಾರಿ ಇಲ್ಲಿನ ಬಂಡೆಗಳ ಬಗ್ಗೆ ಬರೆದಿದ್ದ. ಕಲ್ಲು ಕ್ವಾರಿಯವರು ಗುಡ್ಡದ ಒಂದೊಂದೇ ಮಗ್ಗುಲನ್ನ ಜಲ್ಲಿ ಮಾಡಿಕೊಂಡು ಬಂದಿದ್ದಾರೆ. ಆ ಜಲ್ಲಿ ಯಾರ ಯಾರ ಮನೆಯ ಸ್ಲ್ಯಾಬಿನಲ್ಲಿದೆಯೋ, ಬಂಡೆಯ ನಾದ ಈಗ ಯಾವ ಬೆಡ್‌ರೂಮಿನ ತಲೆ ಮೇಲಿದೆಯೋ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದ್ರೆ, ಕಳೆದ ವರ್ಷದ ಮೊಹರಂ ಬಗ್ಗೆ ಹೇಳಬೇಕಿತ್ತು.

ಹಬ್ಬ ನೋಡಿದ್ದು ಸಂಗನಕಲ್ಲಲ್ಲಲ್ಲ, ಸಿರುಗುಪ್ಪ ಕಡೆಯ ನಮ್ಮ ಸೋದರಮಾವನ ಊರಲ್ಲಿ. 2025ರ ಜುಲೈ 6, ಭಾನುವಾರ, ಮೊಹರಂ ಕೊನೇ ದಿನ. ಭಾನುವಾರ ಬಂದಿದ್ದಕ್ಕೆ ರಜೆ ಉಳೀತು, ಶುಕ್ರವಾರ ಒಂದು ದಿನ ಹಾಕಿ ಗುರುವಾರ ರಾತ್ರಿ ಬಸ್ ಹತ್ತಿದೆ. ಚಂದ್ರಮಾನದ ಲೆಕ್ಕಕ್ಕೆ ಅಧಿಕ ಮಾಸ ಸೇರಿಸದೇ ಇರೋದ್ರಿಂದ ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರೀತಾ ಹೋಗುತ್ತೆ, ಮೂವತ್ಮೂರು ವರ್ಷಕ್ಕೆ ಒಂದು ಸುತ್ತು. ಹಾಗಾಗಿ ಒಂದು ತಲೆಮಾರು ಅದನ್ನ ಸುಗ್ಗಿಯಲ್ಲಿ ನೋಡಿದ್ರೆ ಇನ್ನೊಂದು ಬೇಸಿಗೆಯಲ್ಲಿ ನೋಡುತ್ತೆ. ಈಗಿನ ಐದಾರು ವರ್ಷ ಅದು ಮಳೆಗಾಲಕ್ಕೆ ಬಿದ್ದಿದೆ. ಮಾಮನ ಮನೆ ಹಳೇ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಸವುಳು ಮಣ್ಣು. ಬೆಳೆ ಬಾರದ ಉಪ್ಪುಮಣ್ಣದು, ಹೊಲಕ್ಕೆ ಶಾಪ, ಮಾಳಿಗೆಗೆ ವರ. ನೀರು ಬಿದ್ದರೆ ಕರಗಿ ಹರಡಿ ತನ್ನ ಬಿರುಕನ್ನ ತಾನೇ ಮುಚ್ಚಿಕೊಳ್ಳುತ್ತೆ. ಆದರೆ ವರ್ಷ ವರ್ಷ ಹೊಸದು ಹಾಕಬೇಕು. ಮೊದಲ ಮಳೆಗೆ ಎಲ್ಲಿ ಸೋರುತ್ತೆ ಅಂತ ಗೊತ್ತಾದ ಮೇಲೆ ಹತ್ತು ಜನ ಸೇರಿ ಬುಟ್ಟಿಯಲ್ಲಿ ಸವುಳು ಏರಿಸ್ತಾರೆ.

ಆ ಹತ್ತು ಜನರೇ ಮರುದಿನ ಪೀರಲ ಗುಡಿಗೂ ಬರ್ತಾರೆ. ಕೆಲವರು ಗುಡಿ ಅಂತಾರೆ, ಕೆಲವರು ಮಸೂತಿ ಅಂತಾರೆ, ಒಂದೇ ಕಟ್ಟಡ. ಊರಲ್ಲಿ ಮುಸ್ಲಿಮರ ಮನೆ ಮೂರೋ ನಾಲ್ಕೋ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಪೀರಲು ಕೂಡ್ತಾವೆ. ಹೊಸಪೇಟೆಯಲ್ಲಿದ್ದುಕೊಂಡು ಹಂಪಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ರಹಮತ್ ತರೀಕೆರೆಯವರು 'ಕರ್ನಾಟಕದ ಮೊಹರಂ' ಅಂತ ಇಡೀ ಪುಸ್ತಕವನ್ನೇ ಇದಕ್ಕೆ ಕೊಟ್ಟಿದ್ದಾರೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದದ್ದರ ನೆನಪು ಇದು. ಮೂಲದಲ್ಲಿ ಶೋಕ. ನಮ್ಮ ಕಡೆ ಬರೋ ಹೊತ್ತಿಗೆ ಅದಕ್ಕೆ ಅಲಾಯಿ ಕುಣಿ ಬಂತು, ಹೆಜ್ಜೆ ಮೇಳ ಬಂತು, ಹುಲಿವೇಷ ಬಂತು, ಚೊಂಗೆ ಬಂತು. ಒಂಬತ್ತನೇ ರಾತ್ರಿಗೆ 'ಕತ್ತಲ ರಾತ್ರಿ' ಅಂತಾರೆ. ಅರಬ್ಬಿಯ ಕತ್ಲ್, ಅಂದ್ರೆ ಕೊಲೆ, ಕನ್ನಡದ ಬಾಯಲ್ಲಿ ಕತ್ತಲೆ ಆಗಿಬಿಟ್ಟಿದೆ. ಯಾವ ಅನುವಾದಕನೂ ಕೂತು ಮಾಡಿದ ಕೆಲಸ ಅಲ್ಲ ಅದು.

ನಾನು ಫೋನ್ ತೆಗೆದು ಗೋಡೆಗೆ ಸುಣ್ಣ ಹಚ್ಚುತ್ತಿದ್ದವರ ಫೋಟೋ ತೆಗೀತಿದ್ದೆ. ಮುಜಾವರ ಅಜ್ಜ ಮೆಟ್ಟಿಲ ಮೇಲೆ ಕೂತಿದ್ದವರು ಕೇಳಿದರು: "ಏನವ್ವ, ಫೋಟೋ ಹಿಡಿಯಾಕ ಬಂದೀಯೋ, ಕುಂಚ ಹಿಡಿಯಾಕ ಬಂದೀಯೋ?"

ಬೈಗುಳ ಅಲ್ಲ, ನಿಜವಾಗಲೂ ತಿಳ್ಕೊಳ್ಳೋಕೆ ಕೇಳಿದ್ದು. ಫೋಟೋದವರಿಗೆ ಚಹಾ, ಕುಂಚದವರಿಗೆ ಹಿಂದಿನ ಗೋಡೆ. ನಾನು ಹಿಂದಿನ ಗೋಡೆಗೆ ಹೋದೆ. ಸುಣ್ಣದ ಹರಳನ್ನ ಹಿಂದಿನ ದಿನವೇ ನೀರಲ್ಲಿ ಹಾಕಿ ಅರಳಿಸಿದ್ದರು. ಅದು ಕೊತ ಕೊತ ಕುದಿಯೋದನ್ನ ನೋಡಿದವರಿಗೆ ಗೊತ್ತು, ಅಡುಗೆಗಿಂತ ಭಯಂಕರ. ಹಚ್ಚಿದಾಗ ಬೂದು ಬಣ್ಣ, ಆರಿದಾಗ ಬಿಳಿ. ಹಾಗಾಗಿ ಹಚ್ಚುವಾಗ ನೀವು ಮಾಡಿದ್ದು ಸರಿಯಿದೆಯಾ ಅಂತ ನಿಮಗೇ ಗೊತ್ತಾಗಲ್ಲ, ಸಂಜೆವರೆಗೆ ಕಾಯಬೇಕು. ನಿಧಾನಕ್ಕೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಅದು ಮತ್ತೆ ಕಲ್ಲಾಗುತ್ತೆ. ಸಂಜೆ ನೋಡಿದರೆ ನನ್ನ ಗೋಡೆಯಲ್ಲಿ ಮೋಡದ ಹಾಗೆ ಮಚ್ಚೆಗಳು. ಯಾರೂ ಏನೂ ಅನ್ನಲಿಲ್ಲ, ಇನ್ನೊಂದು ಕೈ ಹಚ್ಚಿದರು.

ಅವತ್ತಿಂದ ತಲೆಯಲ್ಲಿ ಕೂತಿರೋ ಪ್ರಶ್ನೆ ಇದು: ಅಲ್ಲಿ ನಡೆದದ್ದಕ್ಕೆ ಏನು ಹೆಸರು? ಪತ್ರಿಕೆಯವರು 'ಭಾವೈಕ್ಯ' ಅಂತಾರೆ, 'ಸೌಹಾರ್ದ' ಅಂತಾರೆ. ಮೊಹರಂ ಬಂದಾಗಲೆಲ್ಲ ಅದೇ ತಲೆಬರಹ. ನನಗೆ ಆ ಪದಗಳ ಜೊತೆ ಇರೋ ತಕರಾರು ಏನಂದ್ರೆ, ಎರಡೂ ಮನಸ್ಸಿನೊಳಗಿನ ಸ್ಥಿತಿಯನ್ನ ಹೇಳ್ತವೆ. ಹೃದಯ, ಭಾವ. ಆ ಹತ್ತು ಜನರ ಹೃದಯದಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ. ಇಬ್ಬರು ಬೆಳಿಗ್ಗೆಯಿಂದ ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ, ಬದುವಿನ ಜಗಳ. ಒಬ್ಬ ತನ್ನ ಫೋನಲ್ಲಿ ಬಂದ ಒಂದು ವಿಡಿಯೋ ನೋಡಿ ಮುಸ್ಲಿಮರ ಬಗ್ಗೆ ಕೇಳೋಕಾಗದ ಮಾತೊಂದನ್ನ ಆಡಿದ, ಆಡಿ ಕುಂಚ ಅದ್ದಿಕೊಂಡು ಪೀರಲ ಕಟ್ಟೆಗೆ ಸುಣ್ಣ ಹಚ್ಚಿದ. ಸೌಹಾರ್ದ ಅಂದ್ರೆ ಪ್ರೀತಿ ಅನ್ನೋದಾದ್ರೆ ಅಲ್ಲಿ ಅದು ಅಷ್ಟೇನೂ ಇರಲಿಲ್ಲ. ಇದ್ದದ್ದು ಕೆಲಸದ ಹಂಚಿಕೆ. ಗುದ್ದಲಿ ಹಾಕಿ ಅಲಾಯಿ ಕುಣಿ ತೋಡೋ ಮನೆತನ ಒಂದು, ಮೊದಲ ಸಕ್ಕರೆ ಓದಿಸೋ ಮನೆ ಇನ್ನೊಂದು, ಕುಣಿಗೆ ಕಟ್ಟಿಗೆ ತರೋ ಓಣಿ ಮತ್ತೊಂದು. ಇವರಲ್ಲಿ ಯಾರು ಬರದಿದ್ದರೂ ಹಬ್ಬ ಅಲ್ಲಿಗೇ ನಿಲ್ಲುತ್ತೆ. ಇನ್ನೊಬ್ಬರನ್ನ ಸಹಿಸಿಕೊಳ್ಳೋದು ಬೇರೆ, ಅವರಿಲ್ಲದೆ ನಿಮ್ಮ ಹಬ್ಬವೇ ಆಗದಿರೋದು ಬೇರೆ.

ವೇದಿಕೆಯ ಉತ್ಸವಗಳ ಬಗ್ಗೆ ನನಗೆ ತಾತ್ಸಾರ ಇಲ್ಲ. 2023ರ ಜನವರಿಯಲ್ಲಿ ಬಳ್ಳಾರಿ ಉತ್ಸವ ಆಯ್ತು, ಹಂಪಿ ಉತ್ಸವ ದಶಕಗಳಿಂದ ನಡೀತಾ ಇದೆ. ಒಂದೇ ಸಂಜೆ ಡೊಳ್ಳು, ವೀರಗಾಸೆ, ತೊಗಲುಗೊಂಬೆ, ಲಂಬಾಣಿ ನೃತ್ಯ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಗಳ ಬಗ್ಗೆ, ದರೋಜಿ ಈರಮ್ಮನವರ ಬುರ್ರಕಥೆಯ ಬಗ್ಗೆ ನಮ್ಮಂಥವರಿಗೆ ತಿಳಿದದ್ದೇ ಇಂಥ ವೇದಿಕೆಗಳಿಂದ. ಈರಮ್ಮ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು, ಓದು ಬರಹ ಇಲ್ಲದೆ ಹನ್ನೆರಡು ಕಾವ್ಯಗಳನ್ನ ನಾಲಿಗೆಯ ಮೇಲಿಟ್ಟುಕೊಂಡಿದ್ದರು, ನಾಡೋಜ ಗೌರವ ಬಂತು, 2014ರಲ್ಲಿ ತೀರಿಕೊಂಡರು. ಸುಣ್ಣ ಹಚ್ಚೋಕೆ ಸ್ವಂತದ್ದೊಂದು ಗೋಡೆಯಿಲ್ಲದೆ ಊರೂರು ತಿರುಗಿದ ಜನರ ಹಾಡಿಗೆ ನಾವು ಕುರ್ಚಿ ಮೇಲೆ ಕೂತು ಚಪ್ಪಾಳೆ ಹೊಡೆದೆವು. ವೇದಿಕೆ ನನ್ನಿಂದ ಏನನ್ನೂ ಕೇಳಲ್ಲ, ಅದೇ ಅದರ ಸುಖ. ಹನ್ನೊಂದು ಗಂಟೆಗೆ ಎದ್ದು ಕ್ಯಾಬ್ ಬುಕ್ ಮಾಡಿದರೆ ನನಗೂ ಆ ಜನರಿಗೂ ಲೆಕ್ಕ ಚುಕ್ತಾ.

ಲೆಕ್ಕ ಚುಕ್ತಾ. ಈ ಮಾತಿನ ಎದುರಿಗೆ ಕನ್ನಡದಲ್ಲೊಂದು ಪದ ಇದೆ: ಮುಯ್ಯಿ. ಮಾಮನ ಮಾಳಿಗೆಗೆ ಸವುಳು ಏರಿಸೋಕೆ ಬಂದವರಿಗೆ ಕೂಲಿ ಇಲ್ಲ, ಊಟ ಉಂಟು. ಅವರ ಮಾಳಿಗೆಯ ದಿನ ಮಾಮ ಹೋಗಬೇಕು. ಇದು ಮುಯ್ಯಾಳು. ಮದುವೆಯಲ್ಲಿ ಕೊಡೋ ಉಡುಗೊರೆಗೂ ಮುಯ್ಯಿ ಅಂತಾರೆ. ಸೇಡಿಗೂ ಅದೇ ಪದ, ಮುಯ್ಯಿಗೆ ಮುಯ್ಯಿ. ಕೊಟ್ಟದ್ದು ಒಂದು ದಿನ ತಿರುಗಿ ಬರಲೇಬೇಕು ಅನ್ನೋದಷ್ಟೇ ಅದರ ಅರ್ಥ. ಬರೋದು ಸಿಹಿಯೋ ಕಹಿಯೋ ಅನ್ನೋದು ನೀವು ಕೊಟ್ಟದ್ದರ ಮೇಲೆ. ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2011ರಲ್ಲಿ ಸಾಲದ ಇತಿಹಾಸದ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲಿ ನೈಜೀರಿಯಾದ ತಿವ್ ಜನರ ಮಾತು ಬರುತ್ತೆ. ಅಲ್ಲಿ ಪಕ್ಕದ ಮನೆಯವರು ಮೊಟ್ಟೆ ಕೊಟ್ಟರೆ ನೀವು ಸರಿಯಾಗಿ ಅಷ್ಟೇ ಬೆಲೆಯದ್ದನ್ನ ವಾಪಸ್ ಕೊಡಬಾರದು. ಸ್ವಲ್ಪ ಹೆಚ್ಚು ಕೊಡಬೇಕು ಇಲ್ಲ ಸ್ವಲ್ಪ ಕಡಿಮೆ. ಸರಿಸಮ ಕೊಟ್ಟರೆ 'ಇನ್ನು ನಿಮ್ಮ ಸಹವಾಸ ಬೇಡ' ಅಂತ ಹೇಳಿದ ಹಾಗೆ. ನಮ್ಮಮ್ಮ ಪಕ್ಕದ ಮನೆಯವರ ಬಟ್ಟಲನ್ನ ಖಾಲಿ ಕೊಡಬಾರದು ಅಂತ ನಾಲ್ಕು ಕಾಳು ಸಕ್ಕರೆ ಹಾಕಿ ಕಳಿಸೋದು ಇದಕ್ಕೇ ಅನ್ನಿಸುತ್ತೆ.

ಈಗ ನಮ್ಮ ಬೆಂಗಳೂರಿನ ಫ್ಲ್ಯಾಟ್ ನೋಡಿ. ನಾನೂ ನನ್ನ ಗಂಡನೂ ಅದೇ ವರ್ಷ ಅಡುಗೆಮನೆ ಒಡೆದು ಹೊಸದು ಮಾಡಿಸಿದ್ವಿ. ಎರಡು ಶೆಲ್ಫು, ಬಾತ್‌ರೂಮಿನ ಕನ್ನಡಿ ನಾವೇ ಹಾಕಿದ್ದು. ಡ್ರಿಲ್ ಮೆಷಿನ್ ಕೈಗೆ ಬಂದರೆ ಮನುಷ್ಯನಿಗೆ ಮನೆಯ ಎಲ್ಲ ಗೋಡೆಗಳೂ ಖಾಲಿ ಕಾಣ್ತವೆ. ಉಳಿದದ್ದನ್ನ ಗೋರಖಪುರ ಕಡೆಯ ಬಡಗಿಗಳು, ಒಡಿಶಾದ ಟೈಲ್ಸ್ ಕೆಲಸದವರು, ನಮ್ಮ ರಾಯಚೂರು ಕಡೆಯ ಪೇಂಟರ್‌ಗಳು ಮಾಡಿದರು. ಐದು ವಾರ. ನಮ್ಮ ಮಹಡಿಯ ನಾಲ್ಕು ಮನೆಗಳಲ್ಲಿ ನಾಲ್ಕು ಭಾಷೆ. ಅವರ ಜೊತೆ ನಮಗೆ ಆದ ಸಂಭಾಷಣೆ ಅಂದ್ರೆ ವಾಟ್ಸಾಪ್ ಗುಂಪಿನಲ್ಲಿ 'ಡ್ರಿಲ್ಲಿಂಗ್ ಆರು ಗಂಟೆ ಮೇಲೆ ಬೇಡ' ಅನ್ನೋದು. ನವೆಂಬರಿನಲ್ಲಿ ಎಥ್ನಿಕ್ ಡೇ ಆದಾಗ ನಾವೆಲ್ಲರೂ ಸೇರಿ ಫೋಟೋ ತೆಗೆಸಿಕೊಂಡ್ವಿ, ಚೆನ್ನಾಗಿ ಬಂದಿದೆ. ಆ ಐದು ವಾರ ನಮ್ಮನೆಯ ಒಳಗನ್ನ ನಮಗಿಂತ ಚೆನ್ನಾಗಿ ತಿಳಿದಿದ್ದ ಬಡಗಿ, ಸಿಂಕಿನ ಕೆಳಗೆ ತನ್ನ ಪೆನ್ಸಿಲ್ಲಿನಲ್ಲಿ ಅಳತೆ ಬರೆದಿಟ್ಟು ಹೋದವನು, ಲಿಫ್ಟಿನಲ್ಲಿ ಕೂಡ 'ಸರ್ವಿಸ್' ಅಂತ ಬರೆದದ್ದರಲ್ಲೇ ಬರಬೇಕಿತ್ತು. ಬಿಲ್ ಕೊಟ್ಟೆವು, ರೇಟಿಂಗ್ ಕೊಟ್ಟೆವು. ದೇಶದ ನಾಲ್ಕು ಮೂಲೆಯ ಕೈಗಳು ಸೇರಿ ಕಟ್ಟಿದ ಅಡುಗೆಮನೆ, ಆದರೆ ಯಾರಿಗೂ ಯಾರ ಮುಯ್ಯಿಯೂ ಇಲ್ಲ. ವೈವಿಧ್ಯದ ಬಗ್ಗೆ ಇಷ್ಟೊಂದು ಮಾತಾಡೋ ನಮಗೆ ಅದು ಸಿಗೋದು ಒಂದೋ ವೇದಿಕೆಯ ಮೇಲೆ, ಇಲ್ಲ ಸರ್ವಿಸ್ ಲಿಫ್ಟಿನಲ್ಲಿ.

ಹಾಗಂತ 'ಹಳ್ಳಿಯೇ ಚಂದ' ಅಂತ ಮುಗಿಸೋಕೆ ನನ್ನ ಅತ್ತೆ ಬಿಡಲ್ಲ. ಮುಯ್ಯಾಳಿನ ಬಗ್ಗೆ ಇದೇ ಥರ ಉತ್ಸಾಹದಿಂದ ಅವಳ ಮುಂದೆ ಹೇಳಿದಾಗ ಅವಳು ಸಗಣಿ ಕೈ ಎತ್ತದೆ ಅಂದಳು: "ಚಂದ ಕಾಣ್ತೈತಿ ಯವ್ವಾ ನಿನಗ. ಮೊಣಕಾಲು ನಂದು." ಅಮಾವಾಸ್ಯೆ ಹುಣ್ಣಿಮೆಗೆ ಸಾರಿಸೋದು, ವರ್ಷಕ್ಕೆರಡು ಸಲ ಗೋಡೆಗೆ ಕೆಮ್ಮಣ್ಣು, ಬಂದ ಹತ್ತು ಆಳಿಗೆ ರೊಟ್ಟಿ. ಮಾಮನ ಮುಯ್ಯಿ ಮಾಮನಿಗೆ ತಿರುಗಿ ಬಂತು. ಅತ್ತೆ ಸುಟ್ಟ ರೊಟ್ಟಿ ಯಾವ ಮನೆಯಿಂದ ತಿರುಗಿ ಬಂತು? ಬೇರೆಯವರ ಮಾಳಿಗೆಯ ದಿನ ಅಲ್ಲಿಯ ಹೆಂಗಸು ಸುಟ್ಟ ರೊಟ್ಟಿಯನ್ನೂ ಮಾಮನೇ ತಿಂದು ಬಂದ. ಅವಳಿಗೆ ಬೇಕಿರೋದು ಆರ್‌ಸಿಸಿ ಮತ್ತು ಟೈಲ್ಸ್, ಒರೆಸಿದರೆ ಮುಗೀತು. ಜೊತೆಗೆ ಭಯ. ನಮ್ಮ ಭಾಗದಲ್ಲಿ ಜಡಿಮಳೆ ಹಿಡಿದ ವಾರ ಮಣ್ಣಿನ ಮಾಳಿಗೆ ಕುಸಿದು ಮಲಗಿದಲ್ಲೇ ಸತ್ತವರ ಸುದ್ದಿ ಪೇಪರಿನಲ್ಲಿ ಬರದೆ ಇರೋ ವರ್ಷ ಕಮ್ಮಿ. ಪರಂಪರೆ ತಲೆ ಮೇಲೆ ಬೀಳೋ ಜಾಗದಲ್ಲಿ ನಾನು ಮಲಗಲ್ಲ. ಹಾಗಿದ್ದ ಮೇಲೆ ಅದನ್ನ ಉಳಿಸಿಕೊಳ್ಳಿ ಅಂತ ಹೇಳೋ ಹಕ್ಕೂ ನನಗಿಲ್ಲ.

ಇನ್ನೂ ಕಷ್ಟದ್ದು ಹಲಗೆಯದು. ಕೆಲಸದ ಹಂಚಿಕೆ ಅಂತ ಮೇಲೆ ಹೆಮ್ಮೆಯಿಂದ ಬರೆದೆನಲ್ಲ, ಅದರಲ್ಲಿ ದಲಿತ ಕೇರಿಯ ಪಾಲು ಹಲಗೆ ಬಡಿಯೋದು, ಹತ್ತು ದಿನ. ಅದಕ್ಕೆ ಕೂಲಿಯೂ ಇಲ್ಲ, ಮುಯ್ಯಿಯೂ ಇಲ್ಲ. ಯಾರೂ ಅವರ ಓಣಿಗೆ ಹೋಗಿ ಏನನ್ನೂ ಬಡಿಯಲ್ಲ. 'ನಡಕೊಂಡು ಬಂದದ್ದು' ಅನ್ನೋದೇ ಕಾರಣ. ಪೀರಲ ಗುಡಿ ಎಲ್ಲರದು, ಆದರೆ ಒಳಗೋಡೆಗೆ ಸುಣ್ಣ ಹಚ್ಚೋ ಸರದಿಯಲ್ಲಿ ಆ ಓಣಿ ಯಾವತ್ತೂ ಇರಲಿಲ್ಲ. ಮೂರು ನಾಲ್ಕು ವರ್ಷದ ಹಿಂದೆ ಆ ಕೇರಿಯ ಹುಡುಗರು, ತೋರಣಗಲ್ಲು ಕಡೆ ಕೆಲಸಕ್ಕೆ ಹೋಗೋರು, ಹಬ್ಬದ ಸಭೆಗೆ ಬಂದು ಎರಡು ಮಾತು ಹೇಳಿದರಂತೆ. ಹಲಗೆ ಬಡೀತೀವಿ, ಆದರೆ ಕರೆದು ಹೇಳಬೇಕು, ರೊಕ್ಕ ಮೊದಲೇ ಮಾತಾಡಬೇಕು. ಎರಡನೇದು: "ಸುಣ್ಣದ ಸರದಿಗೆ ನಮ್ಮ ಓಣಿನೂ ಹಾಕ್ರಿ. ಒಳಗೋಡಿ."

ನಾನು ಈ ಎರಡು ಮಾತನ್ನ ಒಟ್ಟಿಗೆ ಇಟ್ಟುಕೊಂಡು ಬಹಳ ದಿನ ಯೋಚನೆ ಮಾಡಿದ್ದೀನಿ. ಒಂದು ಕೆಲಸಕ್ಕೆ ಬಿಲ್ ಕೇಳಿದರು, ಇನ್ನೊಂದು ಕೆಲಸವನ್ನ ಬಿಟ್ಟಿಯಾಗಿ ಮಾಡ್ತೀವಿ ಅಂದರು. ನೋಡೋಕೆ ಉಲ್ಟಾ ಅನ್ನಿಸುತ್ತೆ. ಆದರೆ ಹುಟ್ಟಿನಿಂದ ಹೇರಿದ್ದಕ್ಕೆ ಬೆಲೆ ಕಟ್ಟಿ ಅದನ್ನ ಬರೀ ಕೆಲಸ ಮಾಡಿದರು, ಬೇಕಾದರೆ ನಾಳೆ ಬಿಡಬಹುದಾದ ಕೆಲಸ. ಹುಟ್ಟಿನಿಂದ ತಡೆದದ್ದನ್ನ ಸರದಿ ಅಂತ ಕೇಳಿ ಪಡೆದರು. ಗ್ರೇಬರ್ ಪುಸ್ತಕ ಓದಿ ನಾನು 'ಲೆಕ್ಕ ಚುಕ್ತಾ ಮಾಡೋದು ಸಂಬಂಧ ಮುರಿಯೋದು' ಅಂತ ಅಂಡರ್‌ಲೈನ್ ಮಾಡಿಟ್ಟಿದ್ದೆ. ಈ ಹುಡುಗರನ್ನ ನೋಡಿದ ಮೇಲೆ ಅದರ ಪಕ್ಕ ಇನ್ನೊಂದು ಸಾಲು ಬೇಕು ಅನ್ನಿಸಿತು: ಕೆಲವು ಸಂಬಂಧಗಳನ್ನ ಮೊದಲು ಚುಕ್ತಾ ಮಾಡದೆ ಹೊಸದಾಗಿ ಶುರು ಮಾಡೋಕೇ ಆಗಲ್ಲ. ಗೋರಖಪುರದ ಬಡಗಿಗೂ ಬಿಲ್ ಬೇಕು, ಕೂಲಿ ಇಲ್ಲದ 'ಆತ್ಮೀಯತೆ' ಅವನಿಗೆ ಬೇಡ. ಸರ್ವಿಸ್ ಲಿಫ್ಟು ಮಾತ್ರ ಬೇಡ.

ಸಭೆಯಲ್ಲಿ ಆ ಸಂಜೆ ಯಾರೂ ಎದ್ದು ನಿಂತು ಭಾಷಣ ಮಾಡಲಿಲ್ಲ. 'ಮುಂದಿನ ವರ್ಷ ನೋಡೋಣ' ಅಂದರು. ಮುಂದಿನ ವರ್ಷ ಹುಡುಗರು ಮತ್ತೆ ಬಂದು ಅದನ್ನೇ ಕೇಳಿದರು. 2025ರಲ್ಲಿ ನಾನು ಹಿಂದಿನ ಗೋಡೆಗೆ ಹಚ್ಚುವಾಗ ಒಳಗೆ ಇದ್ದದ್ದು ಅವರೇ. ನನಗಿಂತ ಸಾವಿರ ಪಾಲು ನೀಟಾಗಿ ಹಚ್ಚಿದ್ದರು. ಒಂದು ದೊಡ್ಡ ಮನೆಯವರು ಅವತ್ತಿಂದ ಗುಡಿಯ ಒಳಗೆ ಬರೋದು ಬಿಟ್ಟಿದ್ದಾರೆ. ಅವರ ಸಕ್ಕರೆಯನ್ನ ಮಗುವಿನ ಕೈಯಲ್ಲಿ ಕಳಿಸ್ತಾರೆ, ಮುಜಾವರ ಅಜ್ಜ ಅದನ್ನೂ ಓದಿಸಿ ವಾಪಸ್ ಕಳಿಸ್ತಾರೆ. ಹೊರಗಿನಿಂದ ಇನ್ನೆರಡು ಥರದ ಜನ ಬರ್ತಾರೆ. ಪೀರಲು ಇಸ್ಲಾಮಿನದ್ದಲ್ಲ ಅನ್ನೋರು, ಪೀರಲು ಹಿಂದೂಗಳದ್ದಲ್ಲ ಅನ್ನೋರು. ಎರಡು ಕಡೆಯವರ ಮಾತೂ ಪುಸ್ತಕದ ಪ್ರಕಾರ ಸರಿಯೇ ಇರಬಹುದು. ಇಬ್ಬರೂ ಇದುವರೆಗೆ ಕುಂಚ ಹಿಡಿದಿಲ್ಲ.

ಕತ್ತಲ ರಾತ್ರಿ ಎರಡು ಗಂಟೆಗೆ ಅಲಾಯಿ ಕುಣಿಯ ಕೆಂಡ ಕೆದಕಿದಾಗ ಎಲ್ಲರ ಮುಖ ಒಂದೇ ಬಣ್ಣ ಆಗಿತ್ತು ಅಂತ ಬರೆಯೋಕೆ ಆಸೆ ಆಗುತ್ತೆ. ಆಗಿರಲಿಲ್ಲ. ಹಲಗೆಯವರು ಒಂದು ಕಡೆ ನಿಂತಿದ್ದರು, ಹೆಂಗಸರು ಇನ್ನೊಂದು ಕಡೆ, ಕತ್ತಿಗೆ ಲಾಡಿ ಹಾಕಿಕೊಂಡ ಹರಕೆಯ ಹುಡುಗರು ಕುಣಿ ಸುತ್ತ ಹೆಜ್ಜೆ ಹಾಕ್ತಿದ್ದರು. ಸಂಗನಕಲ್ಲಿನ ಬೂದಿದಿಬ್ಬದ ಸುತ್ತಲೂ ಜನ ಹೀಗೇ ನಿಂತಿದ್ದರೇನೋ, ಯಾರು ಸಗಣಿ ಹೊತ್ತರು, ಯಾರು ಬೆಂಕಿ ಇಟ್ಟರು, ಯಾರು ದೂರ ನಿಂತು ನೋಡಿದರು ಅನ್ನೋದು ಬೂದಿಯಲ್ಲಿ ಉಳಿಯಲ್ಲ.

ಮಾಮನ ಮನೆಗೆ ಈ ಸಲ ಸ್ಲ್ಯಾಬ್ ಬೀಳೋದು ಖಾತ್ರಿ. ತೊಲೆ ಜಂತಿ ಮಾರಾಟಕ್ಕಿಟ್ಟಾಗಿದೆ. ಹಳೇ ತೇಗಕ್ಕೆ ಬೆಂಗಳೂರಿನ ಇಂಟೀರಿಯರ್ ಅಂಗಡಿಗಳಲ್ಲಿ ಬೇಡಿಕೆ ಇದೆಯಂತೆ, ನನ್ನ ಪಕ್ಕದ ಬ್ಲಾಕಿನ ಯಾರದೋ ಡೈನಿಂಗ್ ಟೇಬಲ್ ಆಗಿ ಅದು ಬಂದರೂ ಬಂತು. ಅತ್ತೆ ಟೈಲ್ಸ್ ಬಣ್ಣ ಆರಿಸಿದ್ದಾಳೆ. ಸವುಳು ಏರಿಸೋ ದಿನ ಇನ್ನು ಇರಲ್ಲ, ಅಂದ್ರೆ ಆ ಹತ್ತು ಜನರು ಮಾಮನ ಮನೆಗೆ ಬರೋ ಒಂದು ಕಾರಣ ಇರಲ್ಲ. ಅದು ಹೋದ ಮೇಲೆ ಮರುದಿನ ಗುಡಿಗೆ ಎಷ್ಟು ಜನ ಬರ್ತಾರೆ ಅನ್ನೋದನ್ನ ಮಾಮ ಕೂಡ ಹೇಳೋಕಾಗದೆ ಮಾತು ಬದಲಿಸಿದ.

ಪೀರಲ ಗುಡಿಯ ಮಾಳಿಗೆಯೂ ಸೋರ್ತಿದೆ. ಈ ವರ್ಷ ಮೊಹರಂ ಜೂನ್ ಕೊನೆಗೇ ಬರೋದ್ರಿಂದ ಅಷ್ಟರೊಳಗೆ ಅದಕ್ಕೂ ಸ್ಲ್ಯಾಬ್ ಹಾಕಬೇಕು ಅಂತ ಊರವರು ಪಟ್ಟಿ ಮಾಡ್ತಿದ್ದಾರೆ. ಮನೆಗೆ ಎರಡು ಸಾವಿರ, ಇಲ್ಲದಿದ್ದರೆ ಎರಡು ದಿನದ ಕೆಲಸ. ಹೋದ ವಾರ ಒಳಗೋಡೆ ಹಚ್ಚಿದ್ದ ಹುಡುಗನೇ ಫೋನ್ ಮಾಡಿದ್ದ, ಪಟ್ಟಿ ಈ ಸಲ ಅವನ ಕೈಯಲ್ಲಿದೆ. ನನ್ನ ಹೆಸರು ಮಾಮನ ಮನೆಯ ಕೆಳಗೆ ಬೇರೆ ಸಾಲಿನಲ್ಲಿ ಇದೆಯಂತೆ, ಹೋದ ವರ್ಷ ಕುಂಚ ಹಿಡಿದಿದ್ದಕ್ಕೆ.

"ಅಕ್ಕಾರ, ನಿಮ್ದು ಹೆಂಗ ಬರಕೊಳ್ಳಲಿ? ರೊಕ್ಕನೋ, ಕೆಲಸನೋ?"

ಗೂಗಲ್ ಪೇ ನಂಬರ್ ಕಳಿಸು ಅನ್ನೋದು ಬಾಯಿ ತುದಿಗೆ ಬಂದಿತ್ತು. ಜೂನ್ ಎರಡನೇ ವಾರ ಪ್ರಾಡಕ್ಟ್ ರಿಲೀಸ್ ಇದೆ, ಸ್ಲ್ಯಾಬ್ ದಿನ ಇನ್ನೂ ಗೊತ್ತಾಗಿಲ್ಲ. ದಿನ ಯಾವತ್ತು ಅಂತ ಕೇಳಿದೆ. ಗೊತ್ತಾದ ಮೇಲೆ ಮತ್ತೆ ಫೋನ್ ಮಾಡ್ತೀನಿ, ಅಲ್ಲಿವರೆಗೆ ಆ ಜಾಗ ಖಾಲಿ ಬಿಟ್ಟಿರ್ತೀನಿ ಅಂದ.